ಚಿಕ್ಕಹನುಮಂತಪ್ಪನವರ ಬಾಕಿ ಆಟಗಳು

ಗೆಲುವು ಕೈಗೆಟುಕುವ ಹೊತ್ತಿಗೆ ಸರಿಯಾಗಿ ಎದ್ದು ನಿಲ್ಲುವ ಆಟಗಾರರನ್ನು ನನ್ನ ಆಯುಷ್ಯದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಅವರು ಜಗಳೂರು ಕಡೆಯ ಚಿಕ್ಕಹನುಮಂತಪ್ಪನವರು. ಚೌಕಾಬಾರದಲ್ಲಿ ತಮ್ಮದಾಗಲಿ ಎದುರಾಳಿಯದಾಗಲಿ, ಕೊನೆಯ ಕಾಯಿ ಚೌಕದ ನಡುಮನೆಯ ಸಮೀಪಕ್ಕೆ ಬಂದಿತೆಂದರೆ ಸಾಕು, ಕವಡೆಗಳನ್ನು ಬಾಚಿ ಖಾಕಿ ಕೋಟಿನ ಜೇಬಿಗಿಳಿಸಿ, "ಐತಲ್ಲ, ಇರ್ಲಿ ಬಿಡ್ರಿ, ಮುಂದಿನ ಸಲ ನೋಡಾಣ" ಎಂದು ಹೊರಟುಬಿಡುತ್ತಿದ್ದರು. ಆ ಕೋಟನ್ನು ಅವರು ಬೇಸಿಗೆಯಲ್ಲೂ ಕಳಚಿದ್ದನ್ನು ನಾನರಿಯೆ. ನಡೆಯುವಾಗ ಎಡಗಾಲನ್ನು ಮೊದಲು ಊರಿ, ನೆಲ ತಡೆಯುತ್ತದೆಂದು ಖಾತ್ರಿಯಾದ ಮೇಲೆಯೇ ಬಲಗಾಲನ್ನು ಎತ್ತುತ್ತಿದ್ದರು. ಹೀಗಾಗಿ ಅವರಿಗಿಂತ ಮೊದಲು ಅವರ ಜೇಬಿನ ಕವಡೆಯ ಸದ್ದು ನಮ್ಮ ಮನೆ ತಲುಪುತ್ತಿತ್ತು.

ಮೊದಲು ಸಿಡುಬಿನ ಲಸಿಕೆ ಹಾಕುತ್ತಿದ್ದವರು. ಆ ಮಾರಿ ತೊಲಗಿದ ಮೇಲೆ ಮಲೇರಿಯಾ ಕೆಲಸಕ್ಕೆ ಬಿದ್ದು, ಹೊನ್ನಾಳಿ ಸುತ್ತಿ, ಕಡೆಗೆ ನಮ್ಮ ತ್ಯಾವಣಿಗೆಗೆ ಬಂದರು. ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಹೋಗಿ ಜ್ವರ ವಿಚಾರಿಸುವುದು, ಬಾಗಿಲ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಿಂದ ತಾರೀಖು ಬರೆಯುವುದು ಅವರ ಕೆಲಸ. ತಾರೀಖಿನ ಕೆಳಗೆ ಸಣ್ಣ ಚುಕ್ಕಿಗಳನ್ನೂ ಇಡುತ್ತಿದ್ದರು: ಆ ಮನೆಯವರೊಡನೆ ಹೂಡಿದ ಆಟ ಎಲ್ಲಿ ನಿಂತಿದೆ ಎಂಬುದರ ಗುರುತು. ಹೆಂಗಸರು ಸುಣ್ಣ ಬಳಿಯುವಾಗ ಅಂಗೈಯಗಲ ಗೋಡೆಯನ್ನು ಹಾಗೇ ಬಿಡುತ್ತಿದ್ದರು. ಒಂದು ಸಂಜೆ ಓಣಿಯಲ್ಲಿ ಬರುತ್ತ, ಬಾಗಿಲುಬಾಗಿಲಿಗೂ ಆ ಚುಕ್ಕಿಗಳನ್ನು ಕಂಡು, ಮೇಷ್ಟ್ರಾದ ನಾನೂ ಕಾರಣವಿಲ್ಲದೆ ಹೆಜ್ಜೆ ಬಿರುಸಾಗಿಸಿದೆ.

"ಸೋಲಾಕೆ ಹೆದರ್ತೀರೇನು?" ಎಂದು ಒಮ್ಮೆ ಕೆಣಕಿದೆ. ಅವರು ಕೋಟಿನ ಗುಂಡಿ ತಿರುವುತ್ತ ಹಳೆಯ ಸಂಗತಿಯೊಂದನ್ನು ಹೇಳಿದರು. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಸಿಡುಬೆದ್ದ ದುರುಗಕ್ಕ ಎಂಬಾಕೆಯನ್ನು ಊರಾಚೆಯ ಗುಡಿಸಲಿನಲ್ಲಿ ಇರಿಸಿದ್ದರಂತೆ. ಕಾವಲಿಗಿದ್ದ ಇವರು ಆಕೆಯೊಡನೆ ಆರು ದಿನ ಒಂದೇ ಆಟವನ್ನು ಎಳೆದರಂತೆ. "ಏಳನೇ ದಿನ ಆಕಿ ಗೆದ್ಲು ಮೇಷ್ಟ್ರೇ. ನಕ್ಳು. ಆಟ ಮುಗೀತಲ್ಲ ಅಂತ ಗ್ವಾಡೆ ಕಡಿ ಹೊಳ್ಳಿ ಮಲಗಿದ್ಲು, ಮತ್ತೆ ಏಳ್ಲಿಲ್ಲ." ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅಷ್ಟೆ, ಎಂದೆ ನಾನು.

ಎಂಬತ್ಮೂರನೇ ಇಸವಿಯಲ್ಲಿ ನನ್ನ ತಾಯಿ ಕಲ್ಲಮ್ಮ ಎದೆನೋವಿನಿಂದ ಹಾಸಿಗೆ ಹಿಡಿದರು. ನಿಂತಿದ್ದ ಆಟದಲ್ಲಿ ಅವರ ಕೊನೆಯ ಕಾಯಿಗೆ ನಡುಮನೆ ಎರಡೇ ಹೆಜ್ಜೆ. ಸರಿಯಾಗಿ ಎರಡೇ ಬೀಳಬೇಕು. ಐದು ತಿಂಗಳಿಂದ ಚಿಕ್ಕಹನುಮಂತಪ್ಪನವರು ನಮ್ಮ ಮನೆಯಲ್ಲಿ ಕಾಫಿ ಕುಡಿದು, ತಾರೀಖು ಬರೆದು, ಕವಡೆ ತೆಗೆಯದೆ ಹೋಗುತ್ತಿದ್ದರು. "ಆತ ಬಂದ್ನೇನೋ? ನನ್ನ ಆಟ ಹಂಗೇ ಐತೆ" ಎಂದು ಅಮ್ಮ ದಿನವೂ ಹಂಬಲಿಸುವುದನ್ನು ನೋಡಲಾಗದೆ, ಒಂದು ಮಧ್ಯಾಹ್ನ ನಾನೇ ಚೌಕ ಬರೆದು, ಕಾಯಿ ಹೂಡಿ, ಅಕ್ಕಪಕ್ಕದ ಮನೆಯಿಂದ ಕವಡೆ ತಂದು ಅಮ್ಮನ ಕೈಗಿಟ್ಟೆ. ಬಿದ್ದದ್ದು ಮೂರು. ಅಮ್ಮನ ಕಣ್ಣು ಮಂಜಾಗಿತ್ತು. "ಎರಡು ಬಿತ್ತಮ್ಮ, ಗೆದ್ದಿರಿ" ಎಂದೆ. ಅವರ ಮುಖ ಅರಳಿತು. "ಇನ್ನೇನೂ ಉಳೀಲಿಲ್ಲ ಬಿಡಪ್ಪ" ಎಂದು ಗೋಡೆಯ ಕಡೆ ಹೊರಳಿದರು. ಆ ಹೊರಳಿದ ರೀತಿ ಕಂಡೊಡನೆ ನನಗೆ ತಿಳಿದುಹೋಯಿತು. ದೀಪ ಹಚ್ಚುವ ಮೊದಲೇ ಅಮ್ಮ ಇರಲಿಲ್ಲ.

ಹನ್ನೊಂದನೆಯ ದಿನ ಕಳೆದ ಮೇಲೆ ಚಿಕ್ಕಹನುಮಂತಪ್ಪನವರು ಬಂದರು. ಗೋಡೆಯ ಮೇಲೆ ತಾರೀಖು ಬರೆದು, ಚುಕ್ಕಿಗಳ ಬಳಿ ಕೈ ತಡೆದು, "ಮುಗಿಸಿದ್ರೇನ್ರಿ?" ಎಂದು ಮೆಲ್ಲಗೆ ಕೇಳಿದರು. ಹೆಂಡತಿಗೂ ಹೇಳದ ಮಾತು ಆಗ ಬಾಯಿಂದ ಹೊರಬಿತ್ತು: "ಬಿದ್ದದ್ದು ಮೂರು. ನಾನು ಸುಳ್ಳು ಹೇಳ್ದೆ." ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ, ಬೈದಿದ್ದರೆ ಚೆನ್ನಾಗಿತ್ತು. ಅವರು ಪೆನ್ಸಿಲನ್ನು ನಾಲಿಗೆಗೆ ತಾಕಿಸಿ, ಹಳೆಯ ಚುಕ್ಕಿಗಳನ್ನೇ ಹೊಸ ತಾರೀಖಿನ ಕೆಳಗೆ ಮತ್ತೆ ಇಟ್ಟರು. "ಮೂರು ಬಿದ್ರೆ ಕಾಯಿ ನಡೆಯಂಗಿಲ್ಲ ಮೇಷ್ಟ್ರೇ. ಹಂಗಾದ್ರೆ ಆಟ ಬಾಕಿ ಐತೆ."

ಅಲ್ಲಿಂದ ಮುಂದೆ ಪ್ರತಿ ಸಲವೂ ಅವರು ಜಗಲಿಯ ಮೇಲೆ ಕೂತು, ಕವಡೆಗಳನ್ನು ಅಮ್ಮ ಕೂರುತ್ತಿದ್ದ ಕಡೆಗೆ ಸರಿಸಿ, ಒಂದು ಗರ ಹಾಕುವಷ್ಟು ಹೊತ್ತು ಕಾಯುತ್ತಿದ್ದರು. ನನ್ನ ಹೆಂಡತಿ ನಿರ್ಮಲ ಆ ಜಾಗವನ್ನು ತುಳಿಯುವುದನ್ನೇ ಬಿಟ್ಟಳು. ಒಮ್ಮೆ ನಾನು ಹತ್ತಿರವೇ ನಿಂತಿದ್ದೆ. ಅವರು ಕವಡೆಗಳನ್ನು ನೋಡಿ, ಬರಿದಾದ ಜಾಗಕ್ಕೆ, "ಬೀಳ್ಲಿಲ್ಲ ಬಿಡ್ರಿ ಕಲ್ಲಮ್ನೋರೇ, ಮುಂದಿನ ಸಲ" ಎಂದರು. ಬಗ್ಗಿ ನೋಡಿದೆ: ಮೂರು ಮೇಲ್ಮುಖವಾಗಿದ್ದವು, ಒಂದು ಬೋರಲು; ಅಂದರೆ ಮತ್ತೆ ಮೂರೇ. ಸರಿಸುವಾಗ ಅವು ಹೇಗಿದ್ದವೋ ನಾನು ಗಮನಿಸಿರಲಿಲ್ಲ. ಗಮನಿಸದಿದ್ದುದೇ ಒಳ್ಳೆಯದಾಯಿತು ಎಂದು ಈಗಲೂ ಅನ್ನಿಸುತ್ತದೆ.

ಎಂಬತ್ತೇಳರಲ್ಲಿ ನಿವೃತ್ತರಾಗಿ ತಮ್ಮ ಊರಿಗೆ ಹೋದರು. ಜಗಳೂರಿನವರು ಎದುರಾದರೆ ಅವರ ಸುದ್ದಿ ಕೇಳಲು ನನಗೆ ಧೈರ್ಯ ಬರುವುದಿಲ್ಲ. ಹೂಡಿದ ಆಟವನ್ನು ಅರ್ಧಕ್ಕೆ ಬಿಟ್ಟೇಳುವವರನ್ನು ನಾವು ಪುಕ್ಕಲರೆನ್ನುತ್ತೇವೆ, ಚಂಚಲರೆನ್ನುತ್ತೇವೆ. ಶಾಲೆಯಲ್ಲಿ ನಾನೇ ಎಷ್ಟೋ ಮಕ್ಕಳಿಗೆ ಹಾಗೆ ಬೈದಿದ್ದೇನೆ. ಆದರೆ ಅಂಥವರಲ್ಲಿ ಗೆಲುವಿನ ಆಸೆಯಾಗಲಿ ಸೋಲಿನ ಅಂಜಿಕೆಯಾಗಲಿ ಇಲ್ಲದ ಕೆಲವರಿರುತ್ತಾರೆ. ಎದುರಿಗೆ ಕೂತವರು ಎದ್ದು ಹೋಗುವುದನ್ನು ಒಮ್ಮೆ ಕಂಡು, ಇನ್ನೊಮ್ಮೆ ಕಾಣಲಾರದವರು ಅವರು.