ಅರ್ಧ ತಲೆಯ ಪರೀಕ್ಷೆ

ನಮ್ಮ ಕಾರ್ಖಾನೆಯಲ್ಲಿ ನಾನು ಮಾಡಿದ ಶಾಂಪೂವನ್ನು ಹೊಗಳದವರು ಒಬ್ಬರೂ ಇರಲಿಲ್ಲ. ಅದೇ ನನಗೆ ದೊಡ್ಡ ತಲೆನೋವಾಗಿತ್ತು. ಬಾಟಲಿ ತುಂಬಿಸುವ ಹೆಂಗಸರು ಮನೆಗೆ ಒಯ್ದು ತಲೆ ತೊಳೆದುಕೊಂಡು ಬಂದು “ರೇಷ್ಮೆ ಕಣಕ್ಕಾ, ರೇಷ್ಮೆ” ಅನ್ನುತ್ತಿದ್ದರು. ಲೆಕ್ಕ ಬರೆಯುವವನು ಹೊಗಳಿದ. ವ್ಯಾನಿನ ಡ್ರೈವರ್ ಕೂಡ ಹೊಗಳಿದ. ಅವನಿಗೆ ಕಿವಿಯ ಮೇಲಿನ ನಾಲ್ಕು ಕೂದಲು ಬಿಟ್ಟರೆ ಬೇರೆ ಆಸ್ತಿ ಇಲ್ಲ. ದಿನವೂ ಒಟ್ಟಿಗೆ ಕೂತು ಊಟ ಮಾಡುವವರ ಬಾಯಿಂದ ನಿಜ ಹೊರಡಿಸುವುದು ಬಹಳ ಕಷ್ಟ.

ಮಾಲೀಕರಿಗೂ ಇದು ಗೊತ್ತಿತ್ತು. ಒಂದು ದಿನ ನನ್ನ ಪ್ರಯೋಗಾಲಯಕ್ಕೇ ಬಂದು ಸ್ಟೂಲಿನ ಮೇಲೆ ಕೂತರು.

“ನೋಡಮ್ಮ, ಈ ಬೆಣ್ಣೆ ಹಚ್ಚೋರ ಮಾತು ನನಗೆ ಬೇಡ. ಅಂಗಡೀಲಿ ಎಲ್ಲಕ್ಕಿಂತ ಜಾಸ್ತಿ ಮಾರೋ ಶಾಂಪೂ ಇದೆಯಲ್ಲ, ಅದನ್ನ ಅರ್ಧ ತಲೆಗೆ ಹಾಕು, ನಿನ್ನದನ್ನ ಇನ್ನರ್ಧಕ್ಕೆ ಹಾಕು. ಮುಲಾಜಿಲ್ಲದೆ ಮಾತಾಡೋರು ಯಾರಾದ್ರೂ ನಿನ್ನದೇ ಚೆನ್ನಾಗಿದೆ ಅಂದ್ರೆ ಮಾಡೋಣ. ಇಲ್ಲಾಂದ್ರೆ ತಿಂಗಳ ಕೊನೆಗೆ ಹೊರಗಿಂದ ಶಾಂಪೂ ತರಿಸಿ ನಮ್ಮ ಬಾಟಲಿಗೆ ತುಂಬ್ತೀನಿ. ನೀನು ನೆಲ ಒರೆಸೋ ದ್ರಾವಣದ ಕಡೆ ಹೋಗು.”

ಶಾಂಪೂ ಮಾಡುವುದೇನು ಸುಲಭವೇ? ತೊಳೆಯುವ ಪದಾರ್ಥಕ್ಕೂ ನಯ ಮಾಡುವ ಪದಾರ್ಥಕ್ಕೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಮೊದಲನೆಯದು ಕೂದಲ ಮೇಲಿದ್ದುದನ್ನೆಲ್ಲ ಕಿತ್ತುಕೊಂಡು ಹೋಗುವಂಥದ್ದು, ಎರಡನೆಯದು ಕೂದಲಿಗೆ ಅಂಟಿಕೊಂಡು ಉಳಿಯಬೇಕಾದದ್ದು. ಅಳತೆ ತಪ್ಪಿ ಒಟ್ಟಿಗೆ ಸೇರಿಸಿದರೆ ಒಡೆದ ಹಾಲಿನ ಹಾಗೆ ಗಂಟು ಗಂಟಾಗುತ್ತದೆ. ಎರಡನ್ನೂ ರಾಜಿ ಮಾಡಿಸಿ, ಬಾಟಲಿಯಲ್ಲಿರುವಷ್ಟು ದಿನ ತೆಪ್ಪಗಿರುವಂತೆಯೂ, ತಲೆಗೆ ನೀರು ಸುರಿದಾಗ ಮಾತ್ರ ನಯದ ಅಂಶ ಹೊರಬಂದು ಕೂದಲನ್ನು ಹಿಡಿಯುವಂತೆಯೂ ಮಾಡುವಷ್ಟರಲ್ಲಿ ನನಗೆ ಸಾಕೋ ಸಾಕಾಗಿತ್ತು. ಗಟ್ಟಿಯಾಗಲೆಂದು ಉಪ್ಪು ಹಾಕುತ್ತ ಹಾಕುತ್ತ, ಸ್ವಲ್ಪ ಹೆಚ್ಚಾಗಿ ಇಡೀ ಡ್ರಮ್ಮು ನೀರಾಗಿ ಕೂತದ್ದೂ ಉಂಟು. ಇಷ್ಟೆಲ್ಲ ಮಾಡಿ ಕೊನೆಗೆ ನೆಲ ಒರೆಸುವ ದ್ರಾವಣ ಕಲಕಲು ಹೋಗುವವಳು ನಾನಲ್ಲ.

ಮುಲಾಜಿಲ್ಲದೆ ಮಾತನಾಡುವವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ನನ್ನ ಅತ್ತೆ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಯಾರ ಮಾತನ್ನೂ ಕಣ್ಣಾರೆ ನೋಡದೆ ನಂಬುವವರಲ್ಲ. ನಾನು ಮದುವೆಯಾಗಿ ಬಂದ ಮೇಲೆ ನನ್ನ ಅಡುಗೆಗೆ ಅವರಿಂದ ಸಿಕ್ಕ ಅತಿ ದೊಡ್ಡ ಬಿರುದು “ತಿನ್ನಬಹುದು”. ಅವರ ಕೂದಲೂ ಅವರ ಹಾಗೆಯೇ, ಯಾರಿಗೂ ಬಗ್ಗುವುದಲ್ಲ. ಸೊಂಟದವರೆಗೆ ಇಳಿದ ಒರಟು ನರೆಗೂದಲು. ಒಂದೊಂದು ಎಳೆಗೂ ಒಂದೊಂದು ದಿಕ್ಕು. ಬಾಚಣಿಗೆ ಒಳಗೆ ಹೋದರೆ ಅಲ್ಲೇ ಬಿಡಾರ ಹೂಡುತ್ತಿತ್ತು.

ನಾನು ವಿಷಯ ಹೇಳಿದಾಗ ಅತ್ತೆ ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಯಾವ ಕಡೆ ಯಾವುದು ಅಂತ ನನಗೆ ಹೇಳಬೇಡ.”

“ಹೇಳಲ್ಲ ಅತ್ತೆ. ನಿಮಗೆ ಏನು ಅನ್ನಿಸುತ್ತೋ ಅದನ್ನ ಹಾಗೇ ಹೇಳಿ.”

“ಅನ್ನಿಸಿದ್ದನ್ನ ಹೇಳದೆ ನಾನು ಯಾವತ್ತಿದ್ದೆ?”

ಅದೇನೋ ನಿಜವೇ.

ಭಾನುವಾರ ಬೆಳಿಗ್ಗೆ ಬಚ್ಚಲುಮನೆಯ ಬೇಸಿನ್ನಿಗೆ ಬೆನ್ನು ಮಾಡಿ ಕುರ್ಚಿ ಹಾಕಿದೆ. ಅತ್ತೆಯ ಕುತ್ತಿಗೆಯ ಕೆಳಗೆ ಟವೆಲ್ ಸುತ್ತಿಟ್ಟು, ನಡುಬೈತಲೆ ತೆಗೆದು, ಎಡಗಡೆಯ ಕೂದಲನ್ನು ಕ್ಲಿಪ್ಪು ಹಾಕಿ ಕಟ್ಟಿದೆ. ಬಲಗಡೆಗೆ ನನ್ನದು, ಎಡಗಡೆಗೆ ಅಂಗಡಿಯದು. ಮಧ್ಯಾಹ್ನ ಕೂದಲು ಒಣಗಿತು. ಅತ್ತೆ ಕಿಟಕಿಯ ಹತ್ತಿರ ಕೂತು ಎರಡೂ ಕಡೆ ಬಾಚಿ, ಬೆರಳಾಡಿಸಿ ತೀರ್ಪು ಕೊಟ್ಟರು.

“ಎಡಗಡೆ ಚೆನ್ನಾಗಿದೆ. ಬಲಗಡೆ ಬರೀ ಸಿಕ್ಕು.”

ಕಾರ್ಖಾನೆಗೆ ಹೋದವಳೇ ನೊರೆ ಬರಿಸುವುದನ್ನು ಕಡಿಮೆ ಮಾಡಿ ನಯದ ಅಂಶ ಹೆಚ್ಚಿಸಿದೆ. ಮುಂದಿನ ಭಾನುವಾರವೂ ಎಡಗಡೆಯೇ ಗೆದ್ದಿತು. “ಬಲಗಡೆ ಸಿಕ್ಕೂ ಇದೆ, ಈಗ ಜಿಡ್ಡೂ ಸೇರಿಕೊಂಡಿದೆ” ಅಂದರು. ನನಗೆ ಅನುಮಾನ ಹತ್ತಿತು. ಸೊಸೆಯದು ಬಲಗಡೆ ಎಂದು ಹೇಗೋ ಪತ್ತೆ ಹಚ್ಚಿ, ಬೇಕೆಂದೇ ಮೂಗು ಮುರಿಯುತ್ತಿರಬಹುದು ಎಂದು ಗಂಡನ ಹತ್ತಿರ ಪಿಸುಗುಟ್ಟಿದೆ. ಅಮ್ಮ ಮತ್ತು ಹೆಂಡತಿಯ ನಡುವೆ ಬಾಯಿ ಹಾಕದೆ ಬದುಕಿ ಉಳಿದ ಮನುಷ್ಯ ಅವರು. ಪೇಪರಿನ ಹಿಂದೆ ಇನ್ನಷ್ಟು ಮರೆಯಾದರು.

ಮೂರನೆಯ ವಾರ ಸದ್ದಿಲ್ಲದೆ ಕಡೆ ಬದಲಿಸಿದೆ. ನನ್ನದು ಎಡಗಡೆಗೆ, ಅಂಗಡಿಯದು ಬಲಗಡೆಗೆ. ಈಗ ಸಿಕ್ಕಿಬೀಳುತ್ತಾರೆ ಎಂದು ಒಳಗೊಳಗೇ ನಗುತ್ತ ಕಾದೆ. ಅತ್ತೆ ಬಾಚಿದರು.

“ಇವತ್ತು ಬಲಗಡೆ ಚೆನ್ನಾಗಿದೆ. ಎಡಗಡೆ ಕೆಟ್ಟಿದೆ.”

ಅಂದರೆ ಅವರು ನಿಜವನ್ನೇ ಹೇಳುತ್ತಿದ್ದರು. ನನ್ನ ಶಾಂಪೂ ಎಲ್ಲಿದ್ದರೂ ಅಲ್ಲೇ ಸಿಕ್ಕು. ನನ್ನ ನಗುವೆಲ್ಲ ಇಳಿದುಹೋಯಿತು. ತಿಂಗಳಲ್ಲಿ ಉಳಿದದ್ದು ಒಂದೇ ಭಾನುವಾರ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕಣ್ಣು ತುಂಬಿ ಬಂತು.

“ನನ್ನದು ಯಾವ ಕಡೆ ಹಾಕಿದ್ರೂ ನಿಮಗೆ ಆಗಲ್ಲ ಅತ್ತೆ. ಬಿಡಿ, ಇನ್ನು ನೆಲ ಒರೆಸೋದೇ ಗತಿ.”

“ನಿನ್ನದು ಯಾವ ಕಡೆ ಅಂತ ನನಗೆ ಮೊದಲ ವಾರದಿಂದ ಗೊತ್ತು ಕಣೆ” ಅಂದರು ಅತ್ತೆ.

“ಅದು ಹೇಗೆ?”

“ಆ ಕಡೆ ಬುರುಡೆ ಉರಿಯುತ್ತಲ್ಲ. ತಳ ಹಿಡಿದ ಪಾತ್ರೆ ಉಜ್ಜಿದ ಹಾಗೆ ಉಜ್ತೀಯ. ಒಂದು ಸಲ ಹಾಕಿ, ಸಾಲದು ಅಂತ ಇನ್ನೊಂದು ಸಲ ಹಾಕಿ, ಎರಡೂ ಕೈಯಲ್ಲಿ ಕೂದಲನ್ನೆಲ್ಲ ನೆತ್ತಿ ಮೇಲೆ ಗುಡ್ಡೆ ಹಾಕಿ ತಿಕ್ತೀಯ. ಇನ್ನೊಂದು ಕಡೆ ಕಾಟಾಚಾರಕ್ಕೆ ಸವರಿ ನೀರು ಬಿಡ್ತೀಯ. ಹಾಗೆ ತಿಕ್ಕಿದ್ರೆ ಯಾವ ಕೂದಲು ತಾನೇ ಸಿಕ್ಕಾಗಲ್ಲ?”

ನನ್ನ ಕೈಗಳನ್ನೇ ನೋಡಿಕೊಂಡೆ. ನನ್ನ ಶಾಂಪೂ ಗೆಲ್ಲಲಿ ಎಂಬ ಆಸೆಗೆ ನಾನೇ ಅದರ ಕುತ್ತಿಗೆ ಹಿಸುಕುತ್ತಿದ್ದೆ. ಒದ್ದೆ ಕೂದಲನ್ನು ಹೆಚ್ಚು ತಿಕ್ಕಬಾರದೆಂದು ಬಾಟಲಿಯ ಹಿಂದೆ ಅಚ್ಚು ಹಾಕಿಸಲು ಬರೆದುಕೊಟ್ಟವಳೂ ನಾನೇ.

“ಮೊದಲೇ ಹೇಳಬಾರದಿತ್ತಾ ಅತ್ತೆ?”

“ಕೂದಲು ಹೇಗಿದೆ ಅಂತ ನೀನು ಕೇಳಿದೆ, ನಾನು ಹೇಳಿದೆ. ಉಜ್ಜೋದು ಹೇಗಿದೆ ಅಂತ ನೀನು ಕೇಳಲೇ ಇಲ್ಲ” ಎಂದು ಅತ್ತೆ ಎದ್ದು ಹೋದರು.

ಕೊನೆಯ ಭಾನುವಾರ ನನಗೂ ಗೊತ್ತಾಗದಂತೆ ಪರೀಕ್ಷೆ ನಡೆಯಬೇಕಾಯಿತು. ನಾನು ಮೊದಲ ವಾರದ ಪಾಕಕ್ಕೇ ಮರಳಿದ್ದೆ. ನನ್ನ ಗಂಡ ಬಾಗಿಲು ಹಾಕಿಕೊಂಡು ಎರಡು ಒಂದೇ ತರಹದ ಬಾಟಲಿಗಳಿಗೆ ತುಂಬಿಸಿ, ಒಂದರ ಕೊರಳಿಗೆ ಕೆಂಪು ದಾರ, ಇನ್ನೊಂದಕ್ಕೆ ನೀಲಿ ದಾರ ಕಟ್ಟಿದರು. ಎರಡೂ ಬಿಳಿಯೇ. ಆದರೆ ನನ್ನ ಶಾಂಪೂವಿನ ವಾಸನೆ ನನಗೆ ತಿಳಿಯದೆ ಇರುತ್ತದೆಯೇ. ಅದಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ತಂದು ನನ್ನ ಮೂಗಿಗೆ ಸಿಕ್ಕಿಸಿದರು. ಮದುವೆಯಾದಂದಿನಿಂದ ಅವರು ಇಷ್ಟು ಧೈರ್ಯ ಮಾಡಿದ್ದು ಅದೇ ಮೊದಲು. ಅತ್ತೆ ನನ್ನ ಮುಖ ನೋಡಿ ಕುರ್ಚಿಯಿಂದ ಜಾರುವಷ್ಟು ನಕ್ಕರು.

ಯಾವುದು ನನ್ನದೆಂದು ಗೊತ್ತಿಲ್ಲದ್ದರಿಂದ ಎರಡನ್ನೂ ನನ್ನದೆಂದೇ ತಿಳಿದೆ. ಆದರೆ ಈ ಸಲ ಬೆರಳ ತುದಿಯಿಂದ ಮೆಲ್ಲಗೆ ನೊರೆ ಬರಿಸಿ, ಕೂದಲನ್ನು ಇಳಿಬಿಟ್ಟು ಮೇಲಿನಿಂದ ಕೆಳಕ್ಕೆ ಸವರುತ್ತ ನೀರು ಬಿಟ್ಟೆ. ಮಧ್ಯದಲ್ಲಿ ಅತ್ತೆಯ ಕಣ್ಣು ಮುಚ್ಚಿತ್ತು. ನಿದ್ದೆ ಬಂತೇನೋ ಅಂದುಕೊಂಡೆ.

ಮಧ್ಯಾಹ್ನ ಕಿಟಕಿಯ ಹತ್ತಿರ ಅತ್ತೆ ಬಲಗಡೆ ಬಾಚಿದರು. ಬಾಚಣಿಗೆ ಎರಡು ಕಡೆ ನಿಂತು ಕೆಳಗಿಳಿಯಿತು. ಎಡಗಡೆ ಬಾಚಿದರು, ನೆತ್ತಿಯಿಂದ ಹೊರಟದ್ದು ಸೊಂಟ ಮುಟ್ಟುವವರೆಗೆ ಎಲ್ಲೂ ನಿಲ್ಲಲಿಲ್ಲ. ಅವರೇ ನಂಬದೆ ಮತ್ತೊಮ್ಮೆ ಬಾಚಿದರು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ, ಮೂಗಿನ ಕ್ಲಿಪ್ಪು ತೆಗೆಯುವುದನ್ನೂ ಮರೆತು.

“ಎಡಗಡೆ” ಅಂದರು. “ಹಚ್ಚಬಹುದು.”

“ಎಡಗಡೆ ಹಾಕಿದ್ದು ನೀಲಿ ದಾರದ್ದು” ಅಂದೆ.

ನನ್ನ ಗಂಡ ಪೇಪರು ಕೆಳಗಿಟ್ಟರು. “ನೀಲಿ ನಿನ್ನದೇ.”

ಕುಣಿಯುವಷ್ಟು ಖುಷಿಯಾಯಿತು. ಆದರೂ ಅನುಮಾನ ಬಿಡಬೇಕಲ್ಲ. “ನನ್ನ ಮೇಲೆ ಕನಿಕರ ಬಂದು ಹೇಳ್ತಿಲ್ಲ ತಾನೆ ಅತ್ತೆ?”

“ಕನಿಕರಕ್ಕೆ ಟಿಕೆಟ್ ಇಲ್ಲದೋರನ್ನ ಯಾವತ್ತಾದ್ರೂ ಬಿಟ್ಟಿದ್ದೀನಾ?”

ಸೋಮವಾರ ಮಾಲೀಕರು ಅತ್ತೆಯ ಹಿಂದಿನ ಕೆಲಸ ಏನೆಂದು ಕೇಳಿ ತಿಳಿದು, ನನ್ನ ಶಾಂಪೂ ಕಲಸಲು ದೊಡ್ಡ ಡ್ರಮ್ಮಿಗೆ ನೀರು ತುಂಬಿಸಲು ಹೇಳಿದರು. ವಾರವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ.

ಮುಂದಿನ ಭಾನುವಾರ ಎದ್ದು ನೋಡಿದರೆ ಅತ್ತೆ ಬಚ್ಚಲುಮನೆಯಲ್ಲಿ ಕುರ್ಚಿ ಹಾಕಿಕೊಂಡು, ಹೆಗಲಿಗೆ ಟವೆಲ್ ಹೊದ್ದು ಕೂತಿದ್ದರು.

“ಪರೀಕ್ಷೆ ಮುಗೀತಲ್ಲ ಅತ್ತೆ.”

“ಗೊತ್ತು.”

ನನಗೆ ಹಳೆಯ ಸಿಟ್ಟು ನೆನಪಾಯಿತು. “ಒಂದು ಮಾತು. ನಾನು ಉಜ್ಜೋದೇ ತಪ್ಪು ಅಂತ ಮೊದಲ ವಾರವೇ ಹೇಳಿದ್ರೆ ನಾನು ಇಷ್ಟು ಒದ್ದಾಡ್ತಿರಲಿಲ್ಲ. ನನ್ನ ಕೆಲಸಕ್ಕೇ ಕುತ್ತು ಬರೋದರಲ್ಲಿತ್ತು.”

“ಮೊದಲ ವಾರವೇ ಹೇಳಿದ್ರೆ ನೀನು ಅದೇ ವಾರ ಮುಗಿಸಿಬಿಡ್ತಿದ್ದೆ” ಅಂದರು ಅತ್ತೆ, ಬೇಸಿನ್ನಿನ ಕಡೆ ತಲೆ ಒರಗಿಸುತ್ತ. “ನಮ್ಮಮ್ಮ ಹೋದಮೇಲೆ ನನ್ನ ತಲೆ ಯಾರು ತೊಳೆದಿದ್ದಾರೆ ಹೇಳು. ಅರ್ಧ ತಲೆ ಉರಿದ್ರೂ ಇನ್ನರ್ಧ ಹಾಯಾಗಿತ್ತು ಕಣೆ. ಹಾಗಂತ ನಿನ್ನ ಕೆಲಸ ಹೋಗೋಕೆ ನಾನು ಬಿಡ್ತಿದ್ದೆನಾ?”

ಈ ಹೆಂಗಸಿನ ಮೇಲೆ ನನಗೆ ಇಷ್ಟೊಂದು ಪ್ರೀತಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ತೋಳಿನ ಬಟ್ಟೆಯನ್ನು ಮೇಲಕ್ಕೆ ಮಡಚಿದೆ, ಬಿಸಿನೀರನ್ನು ಮೊಣಕೈಗೆ ಬಿಟ್ಟು ನೋಡಿದೆ, ಆಮೇಲೆ ಬೈತಲೆ ತೆಗೆಯದೆ ಇಡೀ ತಲೆಯನ್ನು ಒಟ್ಟಿಗೇ ನೆನೆಸಿದೆ.