ಎಂಟು ಬ್ಯಾಟರಿಯ ಕಾರು

"ಏನು ಕರಿಯಯ್ಯನೋರೆ, ನಮ್ಮನೆ ಮಾತಿಗೂ ಮೀಟ್ರು ಇಟ್ಟು ನೋಡ್ತೀರಾ?"

ಚಿಕ್ಕಬಸಪ್ಪ ನಗುತ್ತಲೇ ಕೇಳಿದ್ದ. ಆದರೂ ಮೀಟರಿನ ಚೀಲ ಪಕ್ಕಕ್ಕಿಟ್ಟು, ಅಡಿಯ ಬ್ಯಾಟರಿ ನೋಡಲೆಂದು ಕಾರಿನ ಮುಂದಿನ ಸೀಟು ಎತ್ತಲು ಬಗ್ಗಿದ್ದ ಸಿದ್ದುವಿನ ಕೈ ಅಲ್ಲೇ ನಿಂತಿತು. ನಂಜನಗೂಡು ಬಸ್ ಸ್ಟ್ಯಾಂಡಿನ ಹಿಂದೆ ಬ್ಯಾಟರಿ ಅಂಗಡಿ ಇಟ್ಟುಕೊಂಡಿದ್ದ ಅವನನ್ನು ಸಂಘಮಿತ್ರಾ ಕೊಳ್ಳುವ ಮುಂಚೆ ಕಾರು ನೋಡಲೆಂದೇ ಟಿ. ನರಸೀಪುರಕ್ಕೆ ಕರೆತಂದಿದ್ದಳು. ಸಿದ್ದು ಅವಳ ಅಪ್ಪ ಕರಿಯಯ್ಯನ ಮುಖ ನೋಡಿದ. ಕರಿಯಯ್ಯ ಮಗಳ ಮುಖ ನೋಡಲಿಲ್ಲ.

ಪೆಟ್ರೋಲಿಲ್ಲದೆ ಕರೆಂಟಿನಲ್ಲಿ ಓಡುವ ಪುಟ್ಟ ಕಾರು ಅದು. ಚಿಕ್ಕಬಸಪ್ಪನ ಮಗ ಮದನ್ ನಾಲ್ಕು ವರ್ಷದ ಹಿಂದೆ, ೨೦೦೪ರಲ್ಲಿ, ಬೆಂಗಳೂರಿನಿಂದ ತಂದದ್ದು. ಕ್ಲಚ್ಚಿಲ್ಲ, ಗೇರಿಲ್ಲ, ಓಡಿಸಲು ಬಲಗಾಲೊಂದೇ ಸಾಕು. ಮೂರನೆಯ ವರ್ಷಕ್ಕೆ ಪೋಲಿಯೋ ಬಂದು ಎಡಗಾಲು ಸೊರಗಿದ ಮೇಲೆ ಸಂಘಮಿತ್ರಾ ಕಬ್ಬಿಣದ ಪಟ್ಟಿ ಬಿಗಿದ ಬೂಟಿನಲ್ಲೇ ನಡೆದವಳು. ಬಿಳಿಗೆರೆಯ ಶಾಲೆಯಲ್ಲಿ ಮೇಡಂ ಆಗಿ ಆರು ವರ್ಷವಾಗಿತ್ತು. ಏಳೂಕಾಲರ ಬಸ್ಸು ಹತ್ತುವಾಗ ದಿನವೂ ಯಾರಾದರೊಬ್ಬರು ರಟ್ಟೆ ಹಿಡಿದು ಮೇಲೆತ್ತುತ್ತಿದ್ದರು. ಹಾಗೆ ಎತ್ತಿದ ಕೈಗಳೆಲ್ಲ ಸಹಾಯದ ಕೈಗಳಾಗಿರಲಿಲ್ಲ. ಅದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡವಳಲ್ಲ.

ಬರುವಾಗ ದಾರಿಯುದ್ದಕ್ಕೂ ಸಿದ್ದು ಬಿಡಿಸಿ ಹೇಳಿದ್ದ: "ಓಡ್ಸಿ ತೋರುಸ್ತಾರೆ, ನಂಬ್ಬ್ಯಾಡಿ ಅಕ್ಕ. ರಾತ್ರಿಯೆಲ್ಲ ಚಾರ್ಜಿಗಾಕಿದ್ರೆ ಸತ್ತಿರೋ ಬ್ಯಾಟ್ರಿನೂ ಒಂದ್ಗಳಿಗೆ ಬದುಕ್ದಂಗೇ ಇರ್ತದೆ. ಮೋಟ್ರು ಎಳೆಯೋವಾಗ ಒಂದೊಂದ್ರ ವೋಲ್ಟೂ ನೋಡ್ಬೇಕು, ಒಳಗಿನ ನೀರೂ ನೋಡ್ಬೇಕು. ಎಂಟ್ರಲ್ಲಿ ಒಂದು ಕೆಟ್ಟಿದ್ರೂ ಮಿಕ್ಕ ಏಳನ್ನೂ ಅದೇ ಕೆಡುಸ್ತದೆ."

ಆದರೆ ಈ ಮನೆಗೆ ಬಂದ ಮೇಲೆ ನಡೆದದ್ದೇ ಬೇರೆ. ಕರಿಯಯ್ಯನ ಅಪ್ಪ ಇದೇ ಮನೆಯವರ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತವನು. ಬಾಯಾರಿದರೆ ಗೇಟಿನ ಹೊರಗೆ ನಿಂತು, ಮೇಲಿಂದ ಹೊಯ್ದ ನೀರನ್ನು ಬೊಗಸೆಯಲ್ಲಿ ಕುಡಿದವನು. ಕರಿಯಯ್ಯನೋ ತಾಲ್ಲೂಕು ಕಚೇರಿಯ ದಲಾಯತನಾಗಿ ರಿಟೈರಾದವನು. ಅವನನ್ನು ಚಿಕ್ಕಬಸಪ್ಪ ಇವತ್ತು ಗೇಟಿನ ತನಕ ಬಂದು ಎದುರುಗೊಂಡಿದ್ದ. ಕೈಹಿಡಿದು ಒಳಗೆ ಕರೆದೊಯ್ದು ಸೋಫಾದ ಮೇಲೆ ಕೂರಿಸಿದ್ದ. ಸೊಸೆ ಶಿವಾನಿ ಮನೆಯವರು ಕುಡಿಯುವ ಲೋಟಗಳಲ್ಲೇ ಕಾಫಿ ತಂದಳು. ಸೋಫಾದ ಅಂಚಿನಲ್ಲಿ ಕೂತ ಕರಿಯಯ್ಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕಾಫಿ ಮುಗಿದ ಮೇಲೂ ಹಿಡಿದೇ ಇದ್ದ.

"ಮುಚ್ಚಲಾ ಸಿದ್ದು ಚೀಲವ," ಎಂದ ಈಗ. "ಅವ್ರೇ ಏಳುದ್ಮ್ಯಾಲೆ ಇನ್ನೇನ ನೋಡೀಯೆ?"

ಹತ್ತು ನಿಮಿಷದ ಕೆಲಸ, ನೋಡಲಿ ಬಿಡಪ್ಪ ಎಂಬ ಮಾತು ಸಂಘಮಿತ್ರಾಳ ನಾಲಗೆಯ ತುದಿಗೆ ಬಂದಿತ್ತು. ಅಪ್ಪನ ಮುಖದಲ್ಲಿ ಅಂಥ ಹಿಗ್ಗನ್ನು ಅವಳು ತನಗೆ ಕೆಲಸ ಸಿಕ್ಕ ದಿನವೂ ಕಂಡಿರಲಿಲ್ಲ. ಮಾತನ್ನು ನುಂಗಿಕೊಂಡಳು. ಸಿದ್ದು ಮೀಟರಿನ ವೈರು ಸುತ್ತಿಟ್ಟ.

ಮದನ್ ಅವಳನ್ನು ಓಡಿಸುವ ಸೀಟಿನಲ್ಲಿ ಕೂರಿಸಿ ಪೇಟೆಬೀದಿಯಲ್ಲಿ ಒಂದು ಸುತ್ತು ಹೊಡೆಸಿದ. ಸದ್ದೇ ಇಲ್ಲದ ಗಾಡಿ. ಬಲಗಾಲು ಒತ್ತಿದಷ್ಟು ಮುಂದೆ ಹೋಗುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ಅವಳಿಗೆ ತಡೆಯಲಾರದೆ ನಗು ಬಂತು.

"ಅಷ್ಟು ದೂರ ನೀವ್ಯಾಕೆ ಓಡಿಸ್ಕೊಂಡು ಹೋಗ್ತೀರಿ? ನಮ್ಮ ಟೆಂಪೋದಲ್ಲೇ ಹಾಕ್ಸಿ ಮನೆ ಬಾಗ್ಲಿಗೆ ಕಳಿಸ್ತೀನಿ," ಎಂದ ಚಿಕ್ಕಬಸಪ್ಪ.

"ನಂಜನಗೂಡ್ ತನ್ಕ ಓಡಕಿಲ್ವಾ ಗಾಡಿ?" ಎಂದು ಸಿದ್ದು ಮೆಲ್ಲಗೆ ಗೊಣಗಿದ. ದುಡ್ಡು ಎಣಿಸಿಕೊಟ್ಟು ವಾಪಸು ಬರುವ ಬಸ್ಸಿನಲ್ಲಿ ಕರಿಯಯ್ಯ, "ಎಂತಾ ದೊಡ್ಡ ಮನ್ಸ್ರು ನೋಡವ್ವ," ಎಂದು ಎರಡು ಸಲ ಹೇಳಿದ.

ಕಾರು ಒಂಬತ್ತು ದಿನ ಓಡಿತು. ಚಾರ್ಜಿನ ಮುಳ್ಳು ದಿನದಿನಕ್ಕೂ ಬೇಗ ಇಳಿಯುತ್ತಿತ್ತು. ಹೊಸ ಕೈ, ಜೋರಾಗಿ ಒತ್ತುತ್ತಿದ್ದೇನೇನೋ ಎಂದುಕೊಂಡು ಸಂಘಮಿತ್ರಾ ಕಾಲು ಹಗುರ ಮಾಡಿದಳು. ಹತ್ತನೆಯ ದಿನ ಶಾಲೆ ಬಿಟ್ಟು ಬರುವಾಗ ನಾಲೆ ಸೇತುವೆಯ ಏರಿನಲ್ಲಿ ಕಾರು ನಿಂತೇಹೋಯಿತು. ಬಿಸಿಲಿನಲ್ಲಿ ಒಂದೂವರೆ ಗಂಟೆ ನಿಂತಳು. ಕೊನೆಗೆ ಕಬ್ಬಿನ ಟ್ರ್ಯಾಕ್ಟರೊಂದು ಹಗ್ಗ ಕಟ್ಟಿ ಎಳೆದುಕೊಂಡು ಬಂತು. "ಕರೆಂಟೋಯ್ತಾ ಮೇಡಮ್ಮೋರೆ?" ಎಂದು ಟ್ರೈಲರಿನ ಮೇಲಿದ್ದವರು ಊರು ತಲುಪುವವರೆಗೂ ನಗಾಡುತ್ತಿದ್ದರು.

ಸಿದ್ದು ಬಂದು ಸೀಟು ಎತ್ತಿದ. ಎಂಟರಲ್ಲಿ ಮೂರು ಬ್ಯಾಟರಿಗಳ ನೆತ್ತಿಯ ಮೇಲೆ ಹಳದಿ ಪೇಂಟಿನಲ್ಲಿ ಅಡ್ಡಗೀಟು ಎಳೆದಿತ್ತು. ಸತ್ತ ಬ್ಯಾಟರಿಗೆ ಅಂಗಡಿಯವರು ಹಾಕುವ ಗುರುತು ಅದು. ಆಮೇಲೆ ನರಸೀಪುರದ ಬ್ಯಾಟರಿ ಅಂಗಡಿಯ ಶಿವಣ್ಣನಿಗೆ ಮೊಬೈಲಿನಲ್ಲಿ ಫೋನು ಮಾಡಿದ. ಶಿವಣ್ಣನ ದೊಡ್ಡ ದನಿ ಪಕ್ಕದಲ್ಲಿದ್ದವರಿಗೂ ಕೇಳುತ್ತಿತ್ತು.

"ನಾನೇ ಕಣಪ್ಪ ಗೀಟು ಆಕಿದ್ದು. ಎರಡು ತಿಂಗಳಾಯ್ತು. ಈ ಮೂರೂ ಓಗವೆ, ಎಂಟೂ ಬದ್ಲಾಯ್ಸಿ ಅಂತ ಅಪ್ಪ ಮಗ ಇಬ್ರಿಗೂ ಏಳಿದ್ದೆ."

ಕರಿಯಯ್ಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. "ಹುಡುಗ ಮರ್ತಿರ್ಬೇಕು," ಎಂದ. ಆಮೇಲೆ, "ಯಜಮಾನ್ರಿಗೆ ಗ್ಯಾನ ಇರಾಕಿಲ್ಲ. ನಾನೋಗಿ ಏಳ್ತೀನಿ," ಎಂದ.

ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ. ಒಬ್ಬನನ್ನೇ ಕಳಿಸಲು ಮನಸ್ಸಾಗದೆ ಸಂಘಮಿತ್ರಾ ಜೊತೆಗೆ ಹೋದಳು.

ಗೇಟು ಹಾಕಿತ್ತು. ಕಾವಲಿನವನು ಒಳಗೆ ಹೋಗಿ ಬಂದು, "ಇಲ್ಲೇ ಇರ್ಬೇಕಂತೆ," ಎಂದ. ಅರ್ಧ ಗಂಟೆ ಕಳೆದ ಮೇಲೆ ಚಿಕ್ಕಬಸಪ್ಪ ಬಂದ. ಗೇಟು ತೆಗೆಯಲಿಲ್ಲ. ಒಳಗೇ ನಿಂತು ಎಲ್ಲವನ್ನೂ ಕೇಳಿದ.

"ಹಳೇ ಗಾಡಿ ತಗೊಳ್ಳೋನು ನೋಡ್ಕೊಂಡು ತಗೋಬೇಕು ಕಣೋ ಕರಿಯ."

"ನೋಡೋಕೆ ಬಂದಾಗ ನೀವೇ ಅಲ್ವಾ, ನಮ್ಮನೆ ಮಾತಿಗೂ ಮೀಟ್ರಾ ಅಂದಿದ್ದು?" ಎಂದಳು ಸಂಘಮಿತ್ರಾ.

"ಕೇಳ್ದೆ. ಇಡ್ಬೇಡಿ ಅಂದ್ನಾ? ಚೀಲ ಮುಚ್ಚು ಅಂದೋನು ನಿಮ್ಮಪ್ಪ."

ಅದು ಸುಳ್ಳಲ್ಲ.

"ಅಂಗಲ್ಲ ಬುದ್ದಿ," ಎಂದ ಕರಿಯಯ್ಯ.

ಅವಳು ಬೆಚ್ಚಿ ಅಪ್ಪನ ಕಡೆ ತಿರುಗಿದಳು. ಮನೆಗೆ ಬಂದ ನೆಂಟರ ಬಾಯಲ್ಲಿ ಬಂದರೂ ಅವನು ಗದರಿ ಬಿಡಿಸುತ್ತಿದ್ದ ಮಾತು ಆ 'ಬುದ್ದಿ'. ಈಗ ಅವನ ಬೆನ್ನು ತಾನಾಗಿ ಬಾಗಿತ್ತು. ಹೆಗಲ ಮೇಲಿದ್ದ ಟವೆಲು ಕಂಕುಳಿಗೆ ಇಳಿದಿತ್ತು.

"ಇದ್ದ ದುಡ್ಡೆಲ್ಲ ಅದಕ್ಕೇ ಆಕ್ಬುಟ್ಟೆ ಬುದ್ದಿ. ಮಗೀಗೆ ಕಾಲಿಲ್ಲ ಬುದ್ದಿ, ಕುಂಟಿ ಅದು..."

ಮೂವತ್ತು ವರ್ಷದಲ್ಲಿ ಅಪ್ಪ ಅವಳನ್ನು ಆ ಹೆಸರಿನಿಂದ ಕರೆದದ್ದಿಲ್ಲ.

"ಬಾಪ್ಪ, ಹೋಗಣ," ಎಂದಳು. ಅವನು ಕದಲಲಿಲ್ಲ. ಅವಳೇ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಮನೆಯಲ್ಲಿ ಅವ್ವ ಚಲುವಮ್ಮ, "ಏನಂದ್ರು?" ಎಂದು ಕೇಳಿದ್ದಕ್ಕೆ ಕರಿಯಯ್ಯ, "ಊರಲ್ಲಿರ್ನಿಲ್ಲ," ಎಂದ. ಸಂಘಮಿತ್ರಾ ಬೂಟಿನ ಪಟ್ಟಿ ಬಿಚ್ಚತೊಡಗಿದಳು.

ಸೋಮವಾರ ಬೆಳಿಗ್ಗೆ ಅವಳು ಹೊರಟಾಗ ಅವನೂ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದ. ಬಿಳಿಗೆರೆಯ ಬಸ್ಸು ಸ್ಟ್ಯಾಂಡಿನೊಳಕ್ಕೆ ತಿರುಗುತ್ತಿದ್ದಂತೆ ಕಾಲೇಜು ಹುಡುಗರ ನಡುವೆ ನುಗ್ಗಿ, ಬಸ್ಸಿನ ಪಕ್ಕಕ್ಕೇ ಓಡುತ್ತ, ಟವೆಲನ್ನು ಕಿಟಕಿಯೊಳಕ್ಕೆ ಎಸೆದು ಸೀಟು ಹಿಡಿದ. ಅವಳು ಹತ್ತಿ ಕೂರುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಟವೆಲು ತನ್ನ ತೊಡೆಯ ಮೇಲೇ ಉಳಿದದ್ದು ಬಸ್ಸು ಹೊರಟ ಮೇಲೆ ಅವಳಿಗೆ ಗೊತ್ತಾಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದಳು. ಕರಿಯಯ್ಯ ಬಸ್ಸು ಬಿಟ್ಟುಹೋದ ಹೊಗೆಯಲ್ಲಿ ನಿಂತು, ಬರಿಯ ಹೆಗಲನ್ನು ಕೈಯಿಂದ ತಡವಿಕೊಳ್ಳುತ್ತಿದ್ದ.