ಬಾಗಿಲಲ್ಲಿ ನಿಂತವನು

ರೈಲಿನ ಎ.ಸಿ. ಬೋಗಿಗಳ ಜೊತೆ ಓಡಾಡುವ ಆ ಗುತ್ತಿಗೆಯ ಎಲೆಕ್ಟ್ರಿಷಿಯನ್‌ಗೆ ಜೊತೆಯವರು ತಂಪಣ್ಣ ಎಂದು ಹೆಸರಿಟ್ಟಿದ್ದರು. ಅವನ ಅಮ್ಮನಿಗೂ ಆ ಹೆಸರು ಹಿಡಿಸಿತ್ತು. ಊರಿಗೆಲ್ಲ ತಂಪು ಹಂಚುವ ಮಗನಿಗೆ ಮನೆಯ ಫ್ಯಾನಿಗೆ ಎಣ್ಣೆ ಬಿಡಲು ಪುರುಸೊತ್ತಿಲ್ಲ ಎಂದು ನೆರೆಯವರ ಮುಂದೆ ನಗುತ್ತಿದ್ದಳು.

ಆ ಅಮ್ಮ ಅಕ್ಕನ ಮನೆಯಲ್ಲಿ ಹಾಸಿಗೆ ಹಿಡಿದಳು. ತಂಪಣ್ಣ ರಜೆ ಕೇಳಿದ. ಬೇಸಿಗೆಯಲ್ಲಿ ಆಗುವುದಿಲ್ಲ, ಹೋಗುವುದಾದರೆ ಕಂಪನಿಯ ನೀಲಿ ಅಂಗಿ ಬಿಚ್ಚಿಟ್ಟು ಹೋಗು, ಅದನ್ನು ತೊಡಲು ಹೊರಗೆ ಜನ ಕಾದಿದ್ದಾರೆ ಎಂದು ಗುತ್ತಿಗೆದಾರ ಕಡ್ಡಿ ಮುರಿದಂತೆ ಹೇಳಿದ. ಮನೆಯಲ್ಲಿ ಓದುವ ಮಗಳಿದ್ದಳು. ತಂಪಣ್ಣ ಅಂಗಿ ಬಿಚ್ಚಲಿಲ್ಲ.

ಅವನ ರೈಲು ಅಕ್ಕನ ಊರಿನಲ್ಲಿ ಒಂದೆರಡು ನಿಮಿಷ ನಿಲ್ಲುತ್ತಿತ್ತು. ಸ್ಟೇಷನ್ನಿಗೆ ಹೋಗಿ ಮಗನ ಮುಖ ನೋಡಲೇಬೇಕೆಂದು ಅಮ್ಮ ಹಟ ಹಿಡಿದಳಂತೆ. ಅಕ್ಕ ಫೋನ್ ಮಾಡಿದಳು. "ಗಾಲಿಕುರ್ಚಿ ತರಿಸಿದೀನಿ. ನೀನು ಬಾಗಿಲಲ್ಲೇ ಇರು. ಇಳಿದು ಒಂದ್ಸಲ ಅವಳ ಕೈ ಹಿಡ್ಕೊಂಡ್ರೆ ಸಾಕು."

ಆ ಮಧ್ಯಾಹ್ನ ಊರು ಹತ್ತಿರ ಬರುವಾಗಲೇ ಒಂದು ಬೋಗಿಯ ಎ.ಸಿ. ಕೆಟ್ಟಿತು. ಮುಚ್ಚಿದ ಗಾಜಿನೊಳಗೆ ಜನ ಬೇಯತೊಡಗಿದರು. ಒಂದು ಹಸುಗೂಸು ಅತ್ತು ಅತ್ತು ಸುಸ್ತಾಗಿ ಸುಮ್ಮನಾಗಿತ್ತು. ತಂಪಣ್ಣ ಬೋಗಿಯ ತುದಿಯ ವಿದ್ಯುತ್ ಪೆಟ್ಟಿಗೆ ತೆರೆದು, ಸುಟ್ಟ ರಿಲೇ ಕಿತ್ತು ಹೊಸದನ್ನು ಕೂರಿಸುತ್ತಿದ್ದಾಗ ರೈಲು ನಿಂತಿತು. ಪೆಟ್ಟಿಗೆಯ ಒಂದು ಬದಿಯಲ್ಲಿ ಕರೆಂಟು ಇನ್ನೂ ಇತ್ತು, ಸೆಕೆ ತಾಳದ ಮಕ್ಕಳು ಅವನ ಕಾಲಡಿಯಲ್ಲೇ ಓಡಾಡುತ್ತಿದ್ದವು. ತೆರೆದಿಟ್ಟು ಹೋಗುವಂತಿರಲಿಲ್ಲ.

ಕಪ್ಪು ಗಾಜಿನಾಚೆ ಅಮ್ಮ ಕಂಡಳು. ಕುರ್ಚಿಯಲ್ಲಿ ಮಗುವಿನಷ್ಟೇ ಆಗಿದ್ದಳು. ಕೂದಲು ಒಪ್ಪವಾಗಿ ಬಾಚಿಸಿಕೊಂಡಿದ್ದಳು. ಅವಳು ದೂರದ ಬೋಗಿಯ ಕಡೆ ನೋಡಿ ಕೈ ಬೀಸುತ್ತಿದ್ದಳು. ಅಕ್ಕ ಕುರ್ಚಿಯನ್ನು ಅತ್ತಲೇ ತಳ್ಳುತ್ತಿದ್ದಳು. ತಂಪಣ್ಣ ಗಾಜು ಬಡಿದ. ಅವರಿಗೆ ಕೇಳಿಸಲಿಲ್ಲ. ಪೆಟ್ಟಿಗೆ ಮುಚ್ಚುವಷ್ಟರಲ್ಲಿ ರೈಲು ಹೊರಟಿತ್ತು.

ಆಮೇಲೆ ಆ ಬೋಗಿಗೆ ಹೋಗಿ ವಿಚಾರಿಸಿದ. ಅಲ್ಲಿ ಹೊದಿಕೆ ಹಂಚುವವನೂ ಅದೇ ನೀಲಿ ಅಂಗಿಯವನು, ಧೂಳಿಗೆಂದು ಮುಖಕ್ಕೆ ಮಾಸ್ಕ್ ಹಾಕಿದ್ದ. ಬಾಗಿಲಲ್ಲಿ ನಿಂತಿದ್ದಾಗ ಯಾವುದೋ ಅಜ್ಜಿ ಕೈ ಬೀಸಿದಳು, ಪಾಪ ಅನ್ನಿಸಿ ತಾನೂ ಬೀಸಿದೆ ಎಂದ.

ಅಮ್ಮ ಆ ವಾರವೇ ತೀರಿಕೊಂಡಳು. ಸಾವಿಗೆ ರಜೆ ಸಿಕ್ಕಿತು.

ಅಕ್ಕನ ಮನೆಯಲ್ಲಿ ಸೇರಿದ್ದವರೆಲ್ಲ ಅವನಿಗೆ ಒಂದೇ ಮಾತು ಹೇಳಿದರು. ಮಗ ಸಣ್ಣಗಾಗಿದ್ದಾನೆ, ಆದರೂ ನನ್ನ ನೋಡಿ ಕಣ್ಣಲ್ಲೇ ನಕ್ಕ, ಎರಡೂ ಕೈ ಬೀಸಿದ ಎಂದು ಅಮ್ಮ ಕೊನೆಯವರೆಗೂ ಹೇಳಿದ್ದನ್ನೇ ಹೇಳುತ್ತಿದ್ದಳಂತೆ.

ಎಲ್ಲರೂ ಹೋದ ಮೇಲೆ, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ, ತಿರುಗಿ ನೋಡದೆ ಅಕ್ಕ ಕೇಳಿದಳು. "ಬಾಗಿಲಲ್ಲೇ ನಿಂತಿದ್ಯಲ್ಲ. ಇಳಿಯೋಕೇನಾಗಿತ್ತು ನಿಂಗೆ?"

ನಿಜ ಅವನ ನಾಲಗೆಯ ತುದಿಗೆ ಬಂದಿತ್ತು. ಹೇಳಿಬಿಟ್ಟರೆ ಅಕ್ಕನ ಸಿಟ್ಟು ಇಳಿಯುತ್ತಿತ್ತು. ಆದರೆ ಅಮ್ಮ ಕಣ್ತುಂಬ ನೋಡಿಕೊಂಡು ಹೋದದ್ದು ಯಾರೋ ದಾರಿಹೋಕನನ್ನು ಎಂದು ಅವಳು ಬದುಕಿಡೀ ಕೊರಗಬೇಕಿತ್ತು.

"ಇಳೀಬೇಕಿತ್ತು ಅಕ್ಕ," ಎಂದ. "ಬುದ್ಧಿ ಓಡ್ಲಿಲ್ಲ."

ಅಕ್ಕ ನಲ್ಲಿಯನ್ನು ಇನ್ನಷ್ಟು ತಿರುಗಿಸಿದಳು. ಅವನು ಹೊರಟಾಗ ಒಳಗಿಂದ ಈಚೆ ಬರಲೂ ಇಲ್ಲ. ಅಂದಿನಿಂದ ಅವನ ಫೋನನ್ನು ಭಾವನೇ ಎತ್ತುತ್ತಾನೆ. ಅವಳಿಗೆ ಏನೋ ಕೆಲಸವಿದೆ ಎನ್ನುತ್ತಾನೆ. ಹಿಂದೆ ನಲ್ಲಿಯ ನೀರಿನ ಸದ್ದು, ಆಗಾಗ ಅಕ್ಕನ ಕೆಮ್ಮು ಕೇಳುತ್ತವೆ. ಭಾವ ಫೋನ್ ಇಡುವವರೆಗೂ ತಂಪಣ್ಣ ಕೇಳಿಸಿಕೊಳ್ಳುತ್ತಾನೆ.